ಎಂಟು ಔನ್ಸಿನ ಸುಳ್ಳು

"ಗ್ಲೌಸ್ ಯಾರಿಗೆ ಬೇಕಿತ್ತು?"

ತೀರಾ ಸಾಮಾನ್ಯ ಪ್ರಶ್ನೆ. ಅಂಗಡಿಗೆ ಬಂದವರನ್ನೆಲ್ಲ ಕೇಳುವಂಥದ್ದು. ಆದರೂ ಅವಳ ಎದೆ ಧಸಕ್ಕೆಂದಿತು!

ಜಾಕೆಟ್ಟಿನ ಜೇಬಿನಲ್ಲಿದ್ದ ಎರಡೂ ಕೈಗಳನ್ನು ಇನ್ನಷ್ಟು ಒಳಕ್ಕೆ ತುರುಕಿದಳು. ಹೊರಗೆ ಚುರುಗುಟ್ಟುವ ಬಿಸಿಲು, ಜಾಕೆಟ್ ಹಾಕುವ ಕಾಲವೇ ಅಲ್ಲ. ಆದರೆ ಅವಳ ಬಟ್ಟೆಗಳಲ್ಲಿ ಆಳವಾದ ಜೇಬು ಇದ್ದದ್ದು ಅದೊಂದಕ್ಕೇ. ಕೈ ಬಚ್ಚಿಡಲು ಜೇಬು ಬೇಕಲ್ಲ!

"ನಮ್ಮ ಅಕ್ಕನಿಗೆ," ಎಂದಳು.

ಹಸಿ ಸುಳ್ಳು. ಅವಳ ಅಕ್ಕ ಜೀವಮಾನದಲ್ಲಿ ದಿಂಬಿಗೂ ಗುದ್ದಿದವಳಲ್ಲ.

ಕೌಂಟರಿನ ಆಚೆ ನಿಂತಿದ್ದವನು ತಲೆಯಾಡಿಸಿದ. ಮೂವತ್ತರ ಆಸುಪಾಸು. ಮೂಗು ಎಂದೋ ಮುರಿದು ತುಸು ಎಡಕ್ಕೆ ವಾಲಿತ್ತು. ಕಣ್ಣುಗಳು ಮಾತ್ರ ಎಷ್ಟು ಮೆತ್ತಗೆ...! ಇಂಥ ಕಣ್ಣಿನ ಎದುರು ಸುಳ್ಳು ಹೇಳುವುದು ಕಷ್ಟ ಅನ್ನಿಸಿ ಅವಳು ಗೋಡೆ ನೋಡಿದಳು. ಅಲ್ಲಿ ಕೊಕ್ಕೆಗಳಿಗೆ ಜೋಡಿ ಜೋಡಿಯಾಗಿ ಬಾಕ್ಸಿಂಗ್ ಗ್ಲೌಸ್ ನೇತಾಡುತ್ತಿದ್ದವು.

"ಅಕ್ಕ ಹೊಸದಾಗಿ ಕಲೀತಿದ್ದಾರಾ?"

"ಹ್ಞೂಂ."

"ಅವರ ಕೈ ಎಷ್ಟು...?"

"ಚಿಕ್ಕದು! ತುಂಬಾ ಚಿಕ್ಕ ಕೈ!"

ಅಷ್ಟು ಜೋರಾಗಿ ಹೇಳುವ ಅಗತ್ಯ ಇರಲಿಲ್ಲ. ಅವಳಿಗೂ ಗೊತ್ತಾಯಿತು. ಕಿವಿ ಬಿಸಿಯಾಯಿತು.

"ಕೈ ಚಿಕ್ಕದಾದ್ರೂ ತೀರಾ ಹಗುರದ್ದು ಬೇಡ," ಅವನು ಸಮಾಧಾನದಿಂದ ಹೇಳಿದ. "ಈ ಔನ್ಸ್ ಅನ್ನೋದು ಚಪ್ಪಲಿ ನಂಬರ್ ಥರ ಅಲ್ಲ, ತೂಕ. ತೂಕ ಜಾಸ್ತಿ ಇದ್ರೆ ಒಳಗೆ ಮೆತ್ತೆ ಜಾಸ್ತಿ. ಕಲಿಯೋರಿಗೆ ಹನ್ನೆರಡು ಒಳ್ಳೇದು. ಅದನ್ನೂ ಕೈಗೆ ಪಟ್ಟಿ ಸುತ್ತಿಕೊಂಡು ಹಾಕಿ ನೋಡ್ಬೇಕು. ಅಕ್ಕನ್ನೇ ಒಂದ್ಸಲ ಕರ್ಕೊಂಡು ಬಂದ್ರೆ..."

"ಅವಳು ಬರಲ್ಲ. ಅವಳಿಗೆ... ನಾಚಿಕೆ."

ಅದೊಂದು ಮಾತು ಮಾತ್ರ ನಿಜ. ಯಾರ ನಾಚಿಕೆ ಅನ್ನುವುದಷ್ಟೇ ಬದಲಾಗಿತ್ತು.

ಗೋಡೆಯ ಮೇಲಿದ್ದ ಎಲ್ಲಕ್ಕಿಂತ ಸಣ್ಣ ಕೆಂಪು ಜೋಡಿಯನ್ನು ಗದ್ದದಲ್ಲೇ ತೋರಿಸಿದಳು. "ಅದನ್ನೇ ಕೊಡಿ."

"ಅದು ಎಂಟು ಔನ್ಸ್. ಅದು..."

ಅವನು ತಡೆದ. ಅವಳ ಮುಖ ನೋಡಿದ. ಉಬ್ಬಿದ ಜೇಬುಗಳನ್ನು ನೋಡಿದ. ಆಮೇಲೆ ಯಾಕೋ ಗಾಜಿನ ಬಾಗಿಲ ಕಡೆ ನೋಡಿದ.

"ಸರಿ... ಆಗದಿದ್ರೆ ಏಳು ದಿನದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ. ಖಂಡಿತ ಬನ್ನಿ!"

ಹಣ ಕೊಡಲು ಕೈ ಹೊರಗೆ ಬರಲೇಬೇಕಾಯಿತು. ನೋಟನ್ನು ಕೌಂಟರಿನ ಮೇಲೆ ಎಸೆದಂತೆ ಇಟ್ಟು, ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಬಾಗಿಲನ್ನು ಭುಜದಿಂದ ತಳ್ಳಿ ಹೊರಬಿದ್ದಳು. ಒಳಗೆ ಬರುವಾಗ ಮಾತ್ರ, ಅವಸರದಲ್ಲಿ, ಅಂಗೈಯಿಂದಲೇ ತಳ್ಳಿದ್ದಳು. ಅದು ಅವಳಿಗೆ ನೆನಪಿರಲಿಲ್ಲ.

ಕೈ ಅಂದರೆ ಎಂಥ ಕೈ ಅಂತೀರಾ? ಬೆರಳು ಉದ್ದ, ಗೆಣ್ಣು ದಪ್ಪ, ಅಂಗೈ ಅಗಲ. ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಐದು ವರ್ಷ ದಬ್ಬಣ ಹಿಡಿದು, ಅಂಟು ಕಲಸಿ, ರಟ್ಟು ಕತ್ತರಿಸಿ ಚರ್ಮ ಒರಟಾಗಿತ್ತು. ಶಾಲೆಯಲ್ಲಿ ಅವಳ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. 'ಸಲಿಕೆ' ಅನ್ನುತ್ತಿದ್ದರು. ಸಲಿಕೆ ಬಂತು, ಸಲಿಕೆ ಹೋಯ್ತು, ಏಯ್ ಸಲಿಕೆ ಮಣ್ಣು ತೆಗೀತೀಯಾ...!

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನ ಕೈ ಮಾತ್ರ ಹೂವಿನಂತೆ. ಅವಳು ಬ್ಯೂಟಿ ಪಾರ್ಲರಿನಲ್ಲಿ ದಿನವಿಡೀ ಬೇರೆಯವರ ಉಗುರಿಗೆ ಬಣ್ಣ ಹಚ್ಚುತ್ತಾಳೆ. ತಂಗಿಯ ಕೈ ಮಾತ್ರ ಅವಳಿಗೆ ಎಂದೂ ಸಿಕ್ಕಿದ್ದಿಲ್ಲ. ತಂಗಿ ಕೊಟ್ಟಿದ್ದಿಲ್ಲ.

ಹಾಗಿರುವಾಗ ಹದಿನೈದು ದಿನದ ಹಿಂದೆ ಬೈಂಡಿಂಗ್ ಅಂಗಡಿಗೆ ಒಬ್ಬ ಹೆಂಗಸು ಬಂದಿದ್ದರು. ಕುತ್ತಿಗೆಯಲ್ಲಿ ಸೀಟಿ, ಕತ್ತರಿಸಿದ ನರೆಗೂದಲು, ಕಂಕುಳಲ್ಲಿ ಬೆನ್ನು ಕಿತ್ತುಹೋದ ಒಂದು ಹಳೇ ಪುಸ್ತಕ. ಬಾಕ್ಸಿಂಗ್ ಕಲಿಸುವ ಕೋಚ್ ಅವರು. ಇವಳು ಪುಸ್ತಕಗಳನ್ನು ಒತ್ತುವ ಯಂತ್ರದ ತಿರುಪನ್ನು ಒಂದೇ ಕೈಯಲ್ಲಿ ಬಿಗಿಮಾಡುವುದನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಏ ಹುಡುಗಿ, ಎಂಥಾ ಕೈ ಇಟ್ಕೊಂಡಿದ್ದೀಯೇ! ನನ್ನ ಜಿಮ್‌ಗೆ ಬಾ. ಗ್ಲೌಸ್ ಒಂದು ತಗೊಂಡು ಬಾ, ಮಿಕ್ಕಿದ್ದು ನನಗೆ ಬಿಡು!"

ಆ ಕೈಗಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಕೋಚ್ ಹೋದ ಮೇಲೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎರಡು ವಾರ ಯೋಚಿಸಿದಳು. ಒಂದು ಮಧ್ಯಾಹ್ನ ಅಂಟಿನ ಕೈ ತೊಳೆಯುವಷ್ಟರಲ್ಲಿ ಧೈರ್ಯ ಹೋಗಿಬಿಟ್ಟರೆ ಎಂದು ಹೆದರಿ, ಹಾಗೇ ಎದ್ದು ಗ್ಲೌಸ್ ಅಂಗಡಿಗೆ ಓಡಿದ್ದಳು.

ಓಡಿ ಹೋಗಿ ಅಕ್ಕನ ಕೈ ಅಳತೆ ಕೊಟ್ಟು ಬಂದಳು! ಇವಳಿಗೆ ಏನು ಹೇಳೋಣ?

ಆ ಸಂಜೆಯೇ ಗೊತ್ತಾಯಿತು. ಪಟ್ಟಿ ಸುತ್ತಿಕೊಂಡರೆ ಗ್ಲೌಸ್ ಒಳಗೆ ಕೈ ಅರ್ಧವೂ ಹೋಗಲಿಲ್ಲ. ಬರಿಗೈ ಹಾಕಿದರೆ ಹೇಗೋ ತುರುಕಬಹುದು, ಬೆರಳು ಮಡಚಲು ಕಷ್ಟ.

'ಬದಲಾಯಿಸಬೇಕು... ಆದ್ರೆ ಹೋಗಿ ಏನಂತ ಹೇಳಲಿ? ಅಕ್ಕನ ಕೈ ರಾತ್ರೋರಾತ್ರಿ ಬೆಳೀತು ಅಂತಲೇ?'

ಮೂರು ಸಲ ಹೋದಳು. ಮೂರು ಸಲವೂ ಅಂಗಡಿಯ ಎದುರಿನ ಫುಟ್‌ಪಾತ್‌ವರೆಗೆ ಹೋಗಿ, ಗಾಜಿನ ಹಿಂದೆ ಆ ವಾಲಿದ ಮೂಗು ಕಂಡ ಕೂಡಲೇ ಕಾಲು ಕಿತ್ತಳು. ಏಳನೇ ದಿನವೂ ಕಳೆಯಿತು.

ಅದೃಷ್ಟಕ್ಕೆ ಜಿಮ್ಮಿನಲ್ಲಿ ಮೊದಲ ವಾರ ಗ್ಲೌಸ್ ಮುಟ್ಟುವ ಹಾಗಿರಲಿಲ್ಲ. ಹೆಜ್ಜೆ, ನಿಲುವು, ಮತ್ತೆ ಹೆಜ್ಜೆ. ಒಂಬತ್ತನೇ ದಿನ ಕೋಚ್ ಸೀಟಿ ಊದಿದರು.

"ಹೊಸಬರು ಪಟ್ಟಿ ಕಟ್ಟಿ, ಗ್ಲೌಸ್ ಹಾಕ್ಕೊಳ್ಳಿ! ಇವತ್ತು ಪ್ಯಾಡ್‌ಗೆ ಹೊಡೆಯೋದು. ಪ್ಯಾಡ್ ಹಿಡಿಯೋಕೆ ನಮ್ಮ ಹಳೇ ಶಿಷ್ಯ ಬಂದಿದ್ದಾನೆ."

ಅವಳು ಗೋಡೆಗೆ ಮುಖ ಮಾಡಿ ಪಟ್ಟಿ ಕಟ್ಟಿದಳು. ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಿಚ್ಚಿ ಬಿಸಾಕಿದಳು. ಬರಿಗೈಯನ್ನು ಆ ಕೆಂಪು ಗ್ಲೌಸಿನೊಳಗೆ ಹಲ್ಲು ಕಚ್ಚಿ ತುರುಕಿ, ತಲೆ ತಗ್ಗಿಸಿ ಹೊರಗೆ ಬಂದಳು. ತಲೆ ಎತ್ತಿದರೆ...

ಅವನು!

ಅದೇ ಮೂಗು. ಅದೇ ಕಣ್ಣು. ಎರಡೂ ಕೈಗೆ ಚಪ್ಪಟೆ ಪ್ಯಾಡ್ ತೊಟ್ಟು ನಿಂತಿದ್ದಾನೆ. ಅವನ ನೋಟ ಅವಳ ಮುಖದಿಂದ ಕೆಂಪು ಗ್ಲೌಸಿಗೆ ಇಳಿಯಿತು. ಅವನೂ ಗಾಬರಿಯಾಗಿದ್ದ. ಗಾಬರಿಯಾದವರ ಬಾಯಲ್ಲಿ ಏನು ಬರಬಾರದೋ ಅದೇ ಬರುತ್ತದೆ.

"ಅಕ್ಕ... ಬಂದಿಲ್ವಾ?"

"ಯಾವ ಅಕ್ಕ?" ಪಕ್ಕದಲ್ಲಿದ್ದ ಹುಡುಗಿ ಕೇಳಿದಳು.

"ಗ್ಲೌಸ್ ಅಕ್ಕನಿಗೆ ಅಂದಿದ್ರು..."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಅವಳಿಗೆ ಕೇಳಿಸಿದ್ದು ಶಾಲೆಯ ಅಂಗಳದ ನಗು. ಭೂಮಿ ಬಾಯಿ ಬಿಟ್ಟು ನುಂಗಬಾರದೇ!

"ಸಾಕು, ಹೊಡಿ!" ಕೋಚ್ ಕೂಗಿದರು.

ಅವಳು ಹೊಡೆದಳು. ಮೈಯಲ್ಲಿದ್ದ ನಾಚಿಕೆಯನ್ನೆಲ್ಲ ಬಲಗೈಗೆ ತಂದು ಹೊಡೆದಳು. ಎರಡನೇ ಏಟಿಗೆ ಪ್ಯಾಡ್ ಹಿಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. ಮೂರನೆಯದಕ್ಕೆ ಅವಳ ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು.

"ಅಮ್ಮಾ...!"

ಅವನು ಪ್ಯಾಡ್ ಎಸೆದು ಕೈ ಹಿಡಿದ. "ಬಿಚ್ಚಿ, ಬೇಗ ಬಿಚ್ಚಿ!"

ಗ್ಲೌಸ್ ಬರಲಿಲ್ಲ. ಎಳೆದಷ್ಟೂ ನೋವು. ಕೈ ಒಳಗೇ ಊದುತ್ತಿತ್ತು. ಕೋಚ್ ಕತ್ತರಿ ತಂದರು. ಅವನು ಮಂಡಿಯೂರಿ ಕುಳಿತು, ಗ್ಲೌಸಿನ ಹೊಲಿಗೆಯನ್ನು ಒಂದೊಂದೇ ಕತ್ತರಿಸಿದ. ಸುತ್ತಲೂ ಹತ್ತು ಜನ ಬಗ್ಗಿ ನೋಡುತ್ತಿದ್ದರು.

"ಬೇಡ... ಎಲ್ಲರ ಎದುರು ಬೇಡ..." ಅವಳು ಪಿಸುಗುಟ್ಟಿದಳು.

ಕೆಂಪು ತೊಗಲು ಎರಡಾಗಿ ತೆರೆಯಿತು. ಇಷ್ಟು ವರ್ಷ ಬಚ್ಚಿಟ್ಟ ಕೈ ಹೊರಗೆ ಬಿತ್ತು. ಅಗಲವಾದ, ಒರಟಾದ, ಪಟ್ಟಿಯಿಲ್ಲದ, ಗೆಣ್ಣಿನ ಚರ್ಮ ಸುಲಿದು ಕೆಂಪಾದ ಕೈ.

"ಪಟ್ಟಿ ಎಲ್ಲೇ?" ಕೋಚ್ ಗದರಿದರು.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಅವನು ನೋಡಿದ, ನೋಡಿದ... ಮುಖ ಬಿಳುಚಿಕೊಂಡಿತು. ಅವಳ ಕೈಯನ್ನು ಕೋಚ್ ಕೈಗೆ ಕೊಟ್ಟು, ಎದ್ದು, ಮೆಟ್ಟಿಲಿಳಿದು ಹೊರಟೇ ಹೋದ.

'ನೋಡಿ ಅಸಹ್ಯ ಆಯ್ತು ಅವನಿಗೆ,' ಅವಳಿಗೆ ಅನ್ನಿಸಿತು. ನೋವಿಗೆ ಅಳದವಳು ಅದಕ್ಕೆ ಅತ್ತಳು.

ಮೂಳೆ ಮುರಿದಿರಲಿಲ್ಲ. ಉಳುಕು. ಮೂರು ವಾರ ದಬ್ಬಣ ಹಿಡಿಯಬಾರದು ಎಂದರು ಡಾಕ್ಟರು. ಬೈಂಡಿಂಗ್ ಅಂಗಡಿಯ ಯಜಮಾನರು ಗೊಣಗಿಕೊಂಡೇ ಎಡಗೈಯಲ್ಲಿ ಹಾಳೆ ಮಡಚುವ ಕೆಲಸ ಕೊಟ್ಟರು.

ಮನೆಯಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬಾಕ್ಸಿಂಗಾ? ನನಗೊಂದು ಮಾತು ಹೇಳ್ಲಿಲ್ವಲ್ಲೇ! ಅದೂ ನನ್ನ ಹೆಸರಲ್ಲಿ ಗ್ಲೌಸ್ ತಗೊಂಡು!"

"ನಿನ್ನ ಕೈ ಚೆನ್ನಾಗಿದೆ ಅಕ್ಕಾ. ಅದಕ್ಕೇ..."

ಅಕ್ಕ ಸೊಂಟದಿಂದ ಕೈ ಇಳಿಸಿದಳು. ಒಳಗೆ ಹೋಗಿ ಬಾಂಡ್ಲಿಯಲ್ಲಿ ಉಗುರು ಬೆಚ್ಚಗಿನ ನೀರು ತಂದು ಎದುರಿಗೆ ಕೂತಳು. ತಂಗಿಯ ಎಡಗೈಯನ್ನು ಹಿಡಿದು ನೀರಿಗೆ ಇಳಿಸಿದಳು. ತಂಗಿ ಎಳೆದುಕೊಳ್ಳಲಿಲ್ಲ.

"ಒಂದು ವಿಷ್ಯ ಹೇಳ್ಲಾ? ಸಲಿಕೆ ಅಂತ ಮೊದಲು ಕರೆದದ್ದು ಶಾಲೆಯವರಲ್ಲ ಕಣೇ. ನಾನು. ನಾನು ಎಂಟನೇ ಕ್ಲಾಸಲ್ಲಿ ಗೆಳತೀರ ಎದುರು ತಮಾಷೆಗೆ ಅಂದೆ. ಅದು ಊರೆಲ್ಲ ಹಬ್ಬಿತು. ನಾಚಿಕೆ ಆಗಿ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ. ದಿನಾ ಬೇರೆಯವರ ಕೈ ಹಿಡ್ಕೊಳ್ಳುವಾಗೆಲ್ಲ ನಿನ್ನ ಕೈ ನೆನಪಾಗುತ್ತೆ..."

ಅಕ್ಕನ ಕಣ್ಣೀರು ಬಾಂಡ್ಲಿಗೆ ಬಿತ್ತು. ತಂಗಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಜೊತೆಗೇ ಇನ್ನೊಂದು ಆಶ್ಚರ್ಯವೂ ಬಂತು. ಇಷ್ಟು ಚಂದದ ಕೈ ಇದ್ದವಳಿಗೂ ಬಚ್ಚಿಡುವಂಥದ್ದೊಂದು ಇತ್ತೇ?

"ಹೋಗ್ಲಿ ಬಿಡು," ಎಂದಳು ಕೊನೆಗೆ. "ಉಗುರು ಜಾಸ್ತಿ ಕತ್ತರಿಸಬೇಡ. ದಾರ ಬಿಡಿಸೋಕೆ ಬೇಕು."

ಮೂರನೇ ವಾರದ ಕೊನೆಗೆ ಕೋಚ್ ತಮ್ಮ ಪುಸ್ತಕ ತೆಗೆದುಕೊಂಡು ಹೋಗಲು ಬಂದರು.

"ಜಿಮ್ ಕಡೆ ತಲೆನೇ ಹಾಕಿಲ್ಲ?"

"ನನಗೆ ಅದು ಒಗ್ಗಲ್ಲ ಮೇಡಂ. ಎಲ್ಲರೂ ನಕ್ಕರು."

"ನಕ್ಕರು, ಮರೆತರು. ನಾನು ಕಲಿಯೋಕೆ ಹೋದಾಗ ಎಡಗೈ ಗ್ಲೌಸ್ ಬಲಗೈಗೆ ಹಾಕ್ಕೊಂಡು ಎರಡು ದಿನ ಗುದ್ದಿದ್ದೀನಿ! ಯಾರಿಗೂ ಹೇಳ್ಬೇಡ." ಕೋಚ್ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ಇದು ಗ್ಲೌಸ್ ಅಂಗಡಿಯವನು ಕೊಟ್ಟದ್ದು. ಬದಲಿ ಸಾಮಾನಂತೆ."

ಒಳಗೆ ಕಡುನೀಲಿ ಬಣ್ಣದ ಗ್ಲೌಸ್. ಹನ್ನೆರಡು ಔನ್ಸ್. ಜೊತೆಗೆ ಒಂದು ಸುರುಳಿ ಪಟ್ಟಿ. ಚೀಟಿಯಿಲ್ಲ, ಮಾತಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಅವಳು ಪಟ್ಟಿ ಸುತ್ತಿ, ಮೆಲ್ಲಗೆ ಕೈ ಇಳಿಸಿದಳು. ಬೆರಳ ತುದಿ ಒಳಗಿನ ಕೊನೆಯನ್ನು ಬರೀ ಸೋಕಿತು. ಮುಷ್ಟಿ ಸಲೀಸಾಗಿ ಕೂತಿತು. ಅವಳ ಕೈಗೇ ಹೊಲಿದ ಹಾಗೆ!

ಸಂತೋಷವಾಗಬೇಕಿತ್ತು. ಅವಳಿಗೆ ಮೈ ಉರಿಯಿತು.

'ಅಳತೆ ಎಲ್ಲಿ ಸಿಕ್ಕಿತು ಇವನಿಗೆ? ನನ್ನ ಕೈ ಊದಿಕೊಂಡು ಬಿದ್ದಿದ್ದಾಗ ಕಣ್ಣಲ್ಲೇ ಅಳೆದನಾ? ಅಯ್ಯೋ ಪಾಪ ಅಂತ ಕಳಿಸಿದನಾ? ಯಾರಿಗೆ ಬೇಕು ಇವನ ಕನಿಕರ!'

ಆ ಸಂಜೆಯೇ ಪೊಟ್ಟಣ ಹಿಡಿದು ಹೊರಟಳು. ಸಿಟ್ಟಿನ ಭರದಲ್ಲಿ ಜಾಕೆಟ್ ಹಾಕುವುದನ್ನೇ ಮರೆತಳು.

ಈ ಸಲ ಎದುರಿನ ಫುಟ್‌ಪಾತ್‌ನಲ್ಲಿ ನಿಲ್ಲಲಿಲ್ಲ. ನೇರ ಹೋದಳು. ಬಾಗಿಲು ತಳ್ಳಲು ಕೈ ಎತ್ತಿದವಳು, ಹಾಗೇ ನಿಂತಳು.

ಗಾಜು ಫಳಫಳ ಹೊಳೆಯುತ್ತಿತ್ತು. ಈಗಷ್ಟೇ ಒರೆಸಿದ ಹಾಗಿತ್ತು. ಒಂದು ಜಾಗ ಬಿಟ್ಟು. ಅವಳ ಎದೆಯ ಎತ್ತರಕ್ಕೆ, ಒಣಗಿ ಬೆಳ್ಳಗಾದ ಒಂದು ಅಂಗೈ ಗುರುತು. ಐದು ಬೆರಳೂ ಸ್ಪಷ್ಟ. ಒರೆಸುವ ಬಟ್ಟೆ ಅದರ ಸುತ್ತ ಎಚ್ಚರದಿಂದ ಹೋಗಿ ಬಂದಿತ್ತು.

ಅವಳಿಗೆ ಆ ಬಿಳುಪು ಗೊತ್ತು. ಐದು ವರ್ಷ ಅದನ್ನೇ ಕಲಸಿದವಳಲ್ಲವೇ? ಬೈಂಡಿಂಗ್ ಅಂಟು!

ತನ್ನ ಕೈಯನ್ನು ಅದರ ಮೇಲಿಟ್ಟಳು. ಸರಿಯಾಗಿ ಕೂತಿತು.

ಒಳಗಿನಿಂದ ಅವನು ನೋಡುತ್ತಿದ್ದ. ಬಂದು ಬಾಗಿಲು ತೆರೆದ. ತಲೆ ತಗ್ಗಿಸಿ ನಿಂತ. ಕಟಕಟೆಯಲ್ಲಿ ನಿಂತವರೂ ಅಷ್ಟು ತಗ್ಗಿಸುವುದಿಲ್ಲ.

"ಇದು..." ಅವಳು ಗಾಜಿನ ಗುರುತನ್ನು ತೋರಿಸಿದಳು.

"ನಿಮ್ಮದೇ. ಮೊದಲ ದಿನದ್ದು. ಟೇಪ್ ಹಿಡಿದು ಅದನ್ನೇ ಅಳೆದೆ."

"ಮೊದಲ ದಿನವೇ ನೋಡಿದ್ರಾ? ಹಾಗಾದ್ರೆ ಅಕ್ಕನಿಗಲ್ಲ ಅಂತ...?"

"ಗೊತ್ತಿತ್ತು."

"ಎಂಟು ಔನ್ಸ್ ನನ್ನ ಕೈಗೆ ಆಗಲ್ಲ ಅಂತಲೂ?"

"ಗೊತ್ತಿತ್ತು." ಅವನ ದನಿ ಇನ್ನೂ ಇಳಿಯಿತು. "ಗೊತ್ತಿದ್ದೂ ಕೊಟ್ಟೆ. ಆಗದಿದ್ರೆ ಬದಲಾಯಿಸೋಕೆ ಬರ್ತೀರಲ್ಲ, ಇನ್ನೊಂದ್ಸಲ ನೋಡ್ಬಹುದಲ್ಲ ಅಂತ... ಆಸೆ. ಏಳು ದಿನ ಬಾಗಿಲನ್ನೇ ನೋಡ್ತಾ ಕೂತಿದ್ದೆ. ಮೂರು ಸಲ ಎದುರುಗಡೆ ತನಕ ಬಂದ್ರಿ. ಹೋಗಿ ಕರೀಬೇಕಿತ್ತು. ನಾಳೆ ತಾವಾಗೇ ಬರ್ತಾರೆ ಅಂತ ಸುಮ್ಮನಿದ್ದೆ."

ಅವಳು ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು.

"ಗ್ಲೌಸ್ ಮಾರೋನು ಮಾಡಬಾರದ ಕೆಲಸ ಅದು. ಗ್ಲೌಸ್ ಇರೋದೇ ಕೈ ಕಾಪಾಡೋಕೆ. ಅವತ್ತು ಜಿಮ್ಮಲ್ಲಿ ಕತ್ತರಿಸಿ ನೋಡಿದಾಗ... ಇದು ನಾನು ಮಾಡಿದ್ದು ಅನ್ನಿಸ್ತು. ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ. ಮೆಟ್ಟಿಲ ಕೆಳಗೆ ಕೂತಿದ್ದೆ, ನೀವು ಆಟೋ ಹತ್ತೋ ತನಕ."

"ನನ್ನ ಕೈ ನೋಡಿ... ಅಸಹ್ಯ ಆಗಿ ಹೋದ್ರಿ ಅಂದ್ಕೊಂಡೆ," ಎಂದಳು. ಆ ಮಾತನ್ನು ಹೊರಗೆ ಹೇಳುವುದು ಪ್ಯಾಡಿಗೆ ಗುದ್ದುವುದಕ್ಕಿಂತ ಕಷ್ಟವಾಗಿತ್ತು.

ಅವನು ಥಟ್ಟನೆ ತಲೆ ಎತ್ತಿದ.

"ಅಸಹ್ಯಾನಾ?! ರೀ, ಒಂದು ತಿಂಗಳಿಂದ ಈ ಗುರುತು ಅಳಿಸದ ಹಾಗೆ ಗಾಜು ಒರೆಸ್ತಿದ್ದೀನಿ! ಗಿರಾಕಿಗಳು ಗಲೀಜು ಅಂತಾರೆ. ಅವರಿಗೆ ಈ ಕಡೆ ಹಿಡಿಕೆ ತೋರಿಸಿ, ಇಲ್ಲಿಂದ ತಳ್ಳಿ ಅಂತೀನಿ..."

ಅವಳಿಗೆ ನಗು ಬಂತು. ನಗುವಿನ ಜೊತೆ ಅಳುವೂ ಬಂತು. ಸಿಟ್ಟು ಹೋಗಿರಲಿಲ್ಲ, ಅದೂ ಪಕ್ಕದಲ್ಲೇ ನಿಂತಿತ್ತು.

"ನೀವು ಮಾಡಿದ್ದು ತಪ್ಪು," ಎಂದಳು ಮೂಗೊರೆಸಿಕೊಂಡು. "ಮೂರು ವಾರ ದಬ್ಬಣ ಹಿಡಿಯೋಕೆ ಆಗ್ಲಿಲ್ಲ ನನಗೆ."

"ತಪ್ಪು. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ."

"ನಾನೂ ಸುಳ್ಳು ಹೇಳಿದೆ."

"ಅದನ್ನ ನಂಬಿದ ಹಾಗೆ ನಟಿಸಿದ್ದು ನಾನು."

ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲು ಕಾದಿದ್ದ ಗಿರಾಕಿಯೊಬ್ಬರು ಕೆಮ್ಮಿದರು. ಅವಳು ಒಳಗೆ ಹೋಗಿ, ಕೌಂಟರಿನ ಎದುರಿನ ಸ್ಟೂಲಿನ ಮೇಲೆ ಕುಳಿತು, ಪೊಟ್ಟಣದಿಂದ ಪಟ್ಟಿಯ ಸುರುಳಿ ತೆಗೆದಳು. ಬಲಗೈಯನ್ನು ಕೌಂಟರಿನ ಮೇಲೆ ಇಟ್ಟಳು. ದೀಪದ ಕೆಳಗೆ, ಬೆರಳು ಅಗಲಿಸಿ.

"ಕಟ್ಟಿ. ಹೊಸಬರಿಗೆ ಹೇಗೆ ತೋರಿಸಬೇಕೋ ಹಾಗೆ. ಮೊದಲ ದಿನ ಬಂದಿದ್ದೀನಿ ಅಂತ ತಿಳ್ಕೊಳ್ಳಿ."

ಅವನು ಗಿರಾಕಿಗೆ ಕೈ ಮುಗಿದು ಎರಡು ನಿಮಿಷ ಎಂದ. ಎದುರಿಗೆ ಕುಳಿತು, ಪಟ್ಟಿಯ ಕುಣಿಕೆಯನ್ನು ಅವಳ ಹೆಬ್ಬೆರಳಿಗೆ ಹಾಕಿದ. ಮಣಿಕಟ್ಟಿಗೆ ಮೂರು ಸುತ್ತು. ಅಂಗೈಗೆ, ಗೆಣ್ಣಿಗೆ, ಬೆರಳ ಸಂದಿಗೆ. ಅವಸರವಿಲ್ಲ. ಸುಲಿದು ವಾಸಿಯಾದ ಗೆಣ್ಣಿನ ಬಳಿ ಬಂದಾಗ ಅವನ ಬೆರಳು ಒಂದು ಕ್ಷಣ ನಿಂತಿತು.

"ನೋವಿದೆಯಾ?"

"ಇಲ್ಲ."

"ನಿಜಾನಾ, ಅಕ್ಕನಿಗೆ ಅಂದ ಹಾಗಾ?"

"ಸ್ವಲ್ಪ ಇದೆ," ಎಂದು ಒಪ್ಪಿಕೊಂಡಳು. ಮುಖ ಕೆಂಪಾಯಿತು. ಆದರೆ ಕೈ ಹಿಂದಕ್ಕೆ ಹೋಗಲಿಲ್ಲ.

ಅವನು ಸುತ್ತನ್ನು ತುಸು ಸಡಿಲಿಸಿದ.

"ಗ್ಲೌಸ್ ಕೊಟ್ಟಾಯ್ತು, ಪಟ್ಟಿ ಕಟ್ಟಿದ್ದಾಯ್ತು," ಅವನು ಕಣ್ಣೆತ್ತದೆ ಹೇಳಿದ. "ಇನ್ನು ನೀವು ಅಂಗಡಿಗೆ ಬರೋಕೆ ಕಾರಣ ಇಲ್ಲ. ಅದಕ್ಕೇ ಈ ಸಲ ನೇರವಾಗೇ ಕೇಳ್ತೀನಿ. ನನಗೆ ನೀವು ಇಷ್ಟ. ಸುಮ್ಮನೆ ಬರ್ತೀರಾ... ನನ್ನನ್ನ ನೋಡೋಕೆ?"

ಅವಳು ಪಟ್ಟಿ ಕಟ್ಟಿದ ಕೈಯನ್ನು ಮುಷ್ಟಿ ಮಾಡಿ ನೋಡಿದಳು. ಬಿಚ್ಚಿದಳು. ಆ ಕೈಯನ್ನೇ ಅವನ ಕೈಯ ಮೇಲೆ ಇಟ್ಟಳು.

"ಬರ್ತೀನಿ. ಆದ್ರೆ ಆ ಬಾಗಿಲು ಒರೆಸಿಬಿಡಿ. ನನಗೆ ನಾಚಿಕೆ ಆಗುತ್ತೆ."

"ಇನ್ನೂ ಆಗುತ್ತಾ?"

"ಹ್ಞೂಂ. ಸ್ವಲ್ಪ ಸ್ವಲ್ಪ."

"ಹಾಗಾದ್ರೆ ಸ್ವಲ್ಪ ಸ್ವಲ್ಪವೇ ಒರೆಸ್ತೀನಿ," ಎಂದ ಅವನು. "ದಿನಕ್ಕೊಂದು ಬೆರಳು. ನೀವು ಎದುರಿಗೆ ಇದ್ರೆ ಮಾತ್ರ."